ಪೋರ್ಟ್ ಹೋಪ್‌ನ ಮಣ್ಣಿನ ಸಾಲ

ಟೊರೊಂಟೊದಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ, ಒಂಟಾರಿಯೊ ಸರೋವರದ ದಡದಲ್ಲಿ ಪೋರ್ಟ್ ಹೋಪ್ ಎಂಬ ಚಿಕ್ಕ ಊರು ಸಿಗುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಅಲ್ಲಿ ಹಳೆಯ ಇಟ್ಟಿಗೆ ಮನೆಯೊಂದನ್ನು ನೋಡಿದ್ದೆವು. ಕ್ರಯಪತ್ರದ ಜೊತೆಗೆ ನಮ್ಮ ವಕೀಲರು ಇನ್ನೊಂದು ಕಾಗದ ಕೇಳಿದರು: ಆ ನಿವೇಶನದ ಮಣ್ಣಿನಲ್ಲಿ ವಿಕಿರಣ ಇದೆಯೇ ಎಂಬ ಸರ್ಕಾರಿ ಪತ್ರ. ಮಣ್ಣಿಗೂ ಜಾತಕ ಉಂಟೆಂದು ನನಗೆ ಅಂದು ತಿಳಿಯಿತು.

1930ರಲ್ಲಿ ಗಿಲ್ಬರ್ಟ್ ಲಾಬೀನ್ ಉತ್ತರದ ಗ್ರೇಟ್ ಬೇರ್ ಸರೋವರದ ಬಳಿ ಪಿಚ್‌ಬ್ಲೆಂಡ್ ಅದಿರನ್ನು ಕಂಡರು. ಅದಿರಿನ ಚೀಲಗಳನ್ನು ಹೊತ್ತವರಲ್ಲಿ ಅಲ್ಲಿನ ಮೂಲನಿವಾಸಿ ಡೆನೆ ಜನರೂ ಇದ್ದರು. ಎಲ್ಡೊರಾಡೊ ಕಂಪನಿ ಅದನ್ನು ಪೋರ್ಟ್ ಹೋಪ್‌ಗೆ ತಂದು ರೇಡಿಯಂ ತೆಗೆಯಿತು. 1942ರಿಂದ ಅಣುಬಾಂಬಿನ ಯೋಜನೆಗೆ ಯುರೇನಿಯಂ ಶುದ್ಧೀಕರಿಸಿತು. 1944ರಲ್ಲಿ ಸರ್ಕಾರವೇ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು. ಉಳಿದ ಕಸದಲ್ಲಿ ರೇಡಿಯಂ, ಯುರೇನಿಯಂ, ಆರ್ಸೆನಿಕ್ ಇದ್ದವು. ಅದೇ ಮಣ್ಣು ಊರಿನ ತಗ್ಗುಗಳನ್ನು ತುಂಬಿತು, ಮನೆಗಳ ಅಡಿಪಾಯ ಸೇರಿತು. 1975ರಲ್ಲಿ ಶಾಲೆಯೊಂದರಲ್ಲಿ ರೇಡಾನ್ ಅನಿಲ ಮಿತಿಮೀರಿದ್ದು ಪತ್ತೆಯಾಗಿ ಮಕ್ಕಳನ್ನು ಹೊರಗೆ ಕಳಿಸಬೇಕಾಯಿತು.

ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 1,00,000 ಟನ್ ಮಣ್ಣು ಚಾಕ್ ರಿವರ್‌ಗೆ ಹೋಯಿತು. ಮಿಕ್ಕದ್ದನ್ನು ಇಡುವುದೆಲ್ಲಿ? ಸ್ವಇಚ್ಛೆಯಿಂದ ಒಪ್ಪುವ ಊರಿಗಾಗಿ ಸರ್ಕಾರ ಹುಡುಕಿತು. ಡೀಪ್ ರಿವರ್ ಮುಂದೆ ಬಂದರೂ ಷರತ್ತುಗಳು ಕೂಡಿಬರಲಿಲ್ಲ. ಕಡೆಗೆ 2001ರ ಒಪ್ಪಂದದಲ್ಲಿ ಪೋರ್ಟ್ ಹೋಪ್ ಮತ್ತು ಅದರ ನೆರೆಯ ಸ್ಥಳೀಯ ಆಡಳಿತಗಳು ತಂತಮ್ಮ ಕಸವನ್ನು ತಮ್ಮ ಗಡಿಯೊಳಗೇ ಇಟ್ಟುಕೊಳ್ಳಲು ಒಪ್ಪಿದವು. ವೆಚ್ಚ ಕೇಂದ್ರ ಸರ್ಕಾರದ್ದು. 2012ರಲ್ಲಿ ಅದಕ್ಕೆಂದು 128 ಕೋಟಿ ಡಾಲರ್ ಘೋಷಣೆಯಾಯಿತು.

‘ಕಡಿಮೆ ಮಟ್ಟದ’ ತ್ಯಾಜ್ಯಕ್ಕೆ ಇಷ್ಟೊಂದು ಹಣವೇಕೆ ಎಂದು ನಾನೂ ಕೇಳಿದ್ದೆ. ಇಲ್ಲಿ ಖರ್ಚು ಹುಟ್ಟುವುದು ವಿಕಿರಣದ ತೀವ್ರತೆಯಿಂದಲ್ಲ, ಮಣ್ಣಿನ ರಾಶಿಯಿಂದ. ಹಿತ್ತಿಲು ಹಿತ್ತಿಲನ್ನೂ ಅಳೆಯಬೇಕು, ಅಗೆಯಬೇಕು, ಹೊಸ ಮಣ್ಣು ತುಂಬಬೇಕು, ಒಸರುವ ನೀರನ್ನು ಶುದ್ಧಗೊಳಿಸಬೇಕು. ಪದರ ಪದರವಾಗಿ ಮುಚ್ಚಿದ ದಿಬ್ಬವನ್ನು ತಲೆಮಾರುಗಳ ಕಾಲ ಕಾಯಬೇಕು. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಚುನಾಯಿತ ಸರ್ಕಾರದ ಆಯಸ್ಸು ನಾಲ್ಕೈದು ವರ್ಷ.

ಗ್ರಾಂ ಲೆಕ್ಕದಲ್ಲಿ ರೇಡಿಯಂ ಮಾರಿ ಬಂದ ಹಣ ಎಂದೋ ಕರಗಿತು. ಆ ಕಾಲದಲ್ಲಿ ಈ ದೇಶದ ಹೆಸರನ್ನೂ ಕೇಳಿರದ ನಮ್ಮ ಅಜ್ಜನ ಮೊಮ್ಮಗನಾದ ನಾನು ಇಂದು ತೆರಿಗೆ ಕಟ್ಟಿ ಆ ಸಾಲ ತೀರಿಸುತ್ತಿದ್ದೇನೆ. ದೂರಲಾರೆ, ಈ ನೆಲದ ಸವಲತ್ತು ಉಂಡವನು ಅದರ ಸಾಲಕ್ಕೂ ವಾರಸುದಾರನೇ. ಆದರೆ ಆ ಚೀಲ ಹೊತ್ತವರಿಗೆ, ಹೊರುವುದು ಏನೆಂದು ಯಾರೂ ಹೇಳಿರಲಿಲ್ಲ. ಅವರಿಗೆ ಸಲ್ಲಬೇಕಾದ ಬಾಕಿ 128 ಕೋಟಿಯ ಲೆಕ್ಕದಲ್ಲಿ ಇಲ್ಲ.