ಹೆಸರು ನಾಡಿನದು, ಮರ ಕಾರ್ಖಾನೆಗೆ

ಮೊನ್ನೆ ಯಾವುದೋ ರೈತರ ವೇದಿಕೆ ಹೆಸರಲ್ಲಿ ಒಬ್ಬ ಹುಡುಗ ಅರ್ಜಿಗೆ ಸಹಿ ಕೇಳಾಕೆ ಬಂದಿದ್ದ. ಹಾಳೆ ಬಲು ನುಣುಪು. ಇದನ್ನ ಅಚ್ಚು ಹಾಕಿಸಿದ್ದು ಯಾರಪ್ಪಾ ಅಂದೆ, ಹೇಳಲಿಲ್ಲ. ಹಳೇದೊಂದು ನೆನಪಾಯ್ತು.

ಹರಿಹರದಿಂದ ಹೊಳೆ ದಾಟಿದರೆ ಕುಮಾರಪಟ್ಟಣ. ಅಲ್ಲಿ ಬಿರ್ಲಾದವರ ಹರಿಹರ ಪಾಲಿಫೈಬರ್ಸ್ ಐತಲ್ಲ, ಅದಕ್ಕೆ ನೀಲಗಿರಿ ಮರ ಬೇಕು, ನೂಲಿನ ತಿರುಳು ಮಾಡಾಕೆ. ಕಾರ್ಖಾನೆಯವರೇ ಬಂದು ನಿಮ್ಮೂರ ಹುಲ್ಲುಗಾವಲು ಕೊಡ್ರಿ ಅಂದಿದ್ರೆ ಯಾರು ಕೊಡ್ತಿದ್ರು ಹೇಳ್ರಿ? 1984ರಲ್ಲಿ ಸರ್ಕಾರದ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಬೇರೆ ಕಂಪನಿ ಆಯ್ತು. ಸರ್ಕಾರದ ಪಾಲೂ ಅದರಾಗಿತ್ತು, ಅದೇ ದೊಡ್ಡ ಗುರಾಣಿ. ಸುಮಾರು 30,000 ಹೆಕ್ಟೇರ್ ಭೂಮಿ, 40 ವರ್ಷದ ಗುತ್ತಿಗೆ. ಕಾಗದದಲ್ಲಿ ಅದೆಲ್ಲಾ ಬೀಳು. ದನ ಮೇಯೋದು, ಸೌದೆ, ಸೊಪ್ಪು ಅಲ್ಲಿಂದಲೇ ಅಂತ ಕಾಗದಕ್ಕೇನು ಗೊತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಜನರನ್ನ ಕೂಡಿಸಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಹೆಸರು ಕೊಟ್ಟರು. 1987ರ ನವೆಂಬರ್ 14ಕ್ಕೆ ಹಾನಗಲ್ ತಾಲ್ಲೂಕಿನ ಕುಸನೂರಲ್ಲಿ ಜನ ಸೇರಿ ನೀಲಗಿರಿ ಕಿತ್ತು, ಅದೇ ಜಾಗದಲ್ಲಿ ಹಣ್ಣಿನ, ಮೇವಿನ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಅಂತಲೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು.

ಕಾರ್ಖಾನೆಯಿಂದ ಎಷ್ಟೋ ಮನೆಯ ಒಲೆ ಉರಿದದ್ದೂ ಖರೆ, ಅದನ್ನ ಬಿಟ್ಟು ಮಾತಾಡಬಾರದು.

ಆ ಹುಡುಗನ ಅರ್ಜಿ ಇನ್ನೂ ನನ್ನ ಹತ್ರನೇ ಐತಿ. ಸಹಿ ಹಾಕಿಲ್ಲ. ನಿಮ್ಮೂರಿಗೂ ಬಂದಿದ್ರೆ ತಿಳಿಸ್ರಿ.