ವೇಷ ತೊಡುವ ಮುನ್ನ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್ ಊರಿನಲ್ಲಿ 1947ರಲ್ಲಿ ಸ್ಥಾಪನೆಯಾದ ಒಂದು ಸಂಗ್ರಹಾಲಯವಿದೆ. ಹುಲ್ಲು ಹೊದಿಸಿದ ಮರದ ಮನೆಗಳು, ಒಲೆಯ ಹೊಗೆ, ಅಂಗಳದಲ್ಲಿ ಕೋಳಿ. ಬಾಗಿಲಲ್ಲಿ ನಿಂತ ಹೆಂಗಸನ್ನು ಮಾತನಾಡಿಸಿದರೆ ಆಕೆ 1627ರಲ್ಲಿ ಬದುಕಿರುವವಳಂತೆಯೇ ಉತ್ತರಿಸುತ್ತಾಳೆ. ಅಮೆರಿಕದ ಅಧ್ಯಕ್ಷ ಯಾರೆಂದು ಕೇಳಿ ಪ್ರಯೋಜನವಿಲ್ಲ. ಆಕೆಗೆ ಗೊತ್ತಿರುವುದು ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸ್ ಮಾತ್ರ. ಇಂಥವುಗಳಿಗೆ ‘ಜೀವಂತ ಇತಿಹಾಸ’ದ ಸಂಗ್ರಹಾಲಯಗಳೆಂದು ಹೆಸರು.

ಮಕ್ಕಳೂ ಆ ಕಾಲದವರಾಗಿ ಪಾತ್ರ ವಹಿಸಿದರೆ ಇತಿಹಾಸ ಮನಸ್ಸಿಗೆ ಹತ್ತುತ್ತದೆ ಎನ್ನುವುದು ನಿಜ. ಆದರೆ ಶಿಕ್ಷಕರ ಸಿದ್ಧತೆ ಸಾಮಾನ್ಯವಾಗಿ ಬಟ್ಟೆಯಿಂದ ಶುರುವಾಗಿ ಬಟ್ಟೆಯಲ್ಲೇ ಮುಗಿಯುತ್ತದೆ. ಅದೂ ತಪ್ಪು ಬಟ್ಟೆ! ಕರಿ ಉಡುಪು, ಬಕಲು ಹಾಕಿದ ಟೋಪಿ ನಂತರದ ಕಾಲದ ಚಿತ್ರಕಾರರ ಕೊಡುಗೆ. ಆ ವಲಸಿಗರು ಬಣ್ಣದ ಬಟ್ಟೆಗಳನ್ನೇ ಉಡುತ್ತಿದ್ದರು. ಆರೇಳು ವರ್ಷದವರೆಗೆ ಗಂಡುಹುಡುಗರಿಗೂ ಉದ್ದ ಲಂಗವೇ.

ಇದಕ್ಕಿಂತ ಒಳ್ಳೆಯ ಸಾಮಗ್ರಿ ದಾಖಲೆಗಳಲ್ಲಿದೆ. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದ 102 ಪ್ರಯಾಣಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ಸತ್ತರು. ಉಳಿದವರೂ ಆಮೇಲೆ ಬಂದು ಸೇರಿದವರೂ 1627ರಲ್ಲಿ ದನಗಳನ್ನು ಪಾಲು ಮಾಡಿಕೊಂಡಾಗ ತಲಾ 13 ಜನರ 12 ಗುಂಪುಗಳಾಗಿ ಹೆಸರು ಬರೆದಿಟ್ಟರು. ಹೆಂಗಸರು, ಮಕ್ಕಳು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಮೊದಲ ಗುಂಪಿನ ಪಾಲಿಗೆ ಬಂದದ್ದು ಒಂದು ಕರಿಯ ಕಡಸು, ಎರಡು ಹೆಣ್ಣು ಮೇಕೆ. ತರಗತಿಯ ಒಬ್ಬೊಬ್ಬರಿಗೆ ಈ ಪಟ್ಟಿಯಿಂದ ಒಂದೊಂದು ಹೆಸರು ಕೊಡಿ. ಹದಿಮೂರು ಜನಕ್ಕೆ ಒಂದು ಕಡಸಾದರೆ ಮೇವು ತರುವವರು ಯಾರು, ಮುಂದೆ ಕರು ಹಾಕಿದಾಗ ಹಾಲು ಯಾರಿಗೆ ಎಂದು ಅವರೇ ಜಗಳವಾಡಲಿ. ಅಷ್ಟಾದ ಮೇಲೆ ಆ ಹಳ್ಳಿಗೆ ಹೋದವರಿಗೆ ಕೇಳಲು ಬೇಕಾದಷ್ಟು ಪ್ರಶ್ನೆಗಳಿರುತ್ತವೆ.

ಎಲ್ಲ ಪಾತ್ರಗಳೂ ಹೀಗೆ ಹಂಚಲು ಬರುವಂಥವಲ್ಲ. ವಲಸಿಗರು ನೆಲೆಯೂರಿದ ಜಾಗ ಬೀಳು ಕಾಡಾಗಿರಲಿಲ್ಲ. ಅದು ವಾಂಪನೋಗ್ ಜನರ ಪಟುಕ್ಸೆಟ್ ಎಂಬ ಹಳ್ಳಿ. 1616ರಿಂದ 1619ರ ನಡುವೆ ಹಬ್ಬಿದ ಸಾಂಕ್ರಾಮಿಕ ಅದನ್ನು ಬರಿದು ಮಾಡಿತ್ತು. 1614ರಲ್ಲಿ ಇಂಗ್ಲಿಷರು ಅಪಹರಿಸಿ ಸ್ಪೇನಿಗೆ ಒಯ್ದು ಮಾರಲು ಹೊರಟಿದ್ದ ಟಿಸ್ಕ್ವಾಂಟಮ್ 1619ರಲ್ಲಿ ಮರಳಿದಾಗ ಊರಿನಲ್ಲಿ ಅವನವರು ಯಾರೂ ಉಳಿದಿರಲಿಲ್ಲ. 2020ರಲ್ಲಿ ಸಂಗ್ರಹಾಲಯ ‘ಪ್ಲಿಮತ್ ಪಟುಕ್ಸೆಟ್’ ಎಂದು ಹೆಸರು ಬದಲಿಸಿಕೊಂಡಾಗ ಸೇರಿಕೊಂಡದ್ದು ಆ ಹಳ್ಳಿಯ ಹೆಸರೇ.

ಇಂಗ್ಲಿಷರ ಹಳ್ಳಿಯ ಹಾಗೆಯೇ ವಾಂಪನೋಗ್ ನೆಲೆಯೊಂದೂ ಅಲ್ಲಿದೆ. ದೋಣಿ ಕೊರೆಯುವವರು, ಅಡುಗೆ ಮಾಡುವವರು ಹಳೆಯ ಉಡುಪಿನಲ್ಲಿರುತ್ತಾರೆ, ಆದರೆ ಅವರದು ನಟನೆಯಲ್ಲ. ಅವರು ಮೂಲನಿವಾಸಿಗಳೇ; ಇಂದಿನವರಾಗಿಯೇ ಮಾತನಾಡುತ್ತಾರೆ. ಹೀಗಾಗಿ 1627ರ ಸೋಗಿನಲ್ಲೇ ಇಲ್ಲಿಗೂ ಬಂದ ಹುಡುಗ ತನ್ನ ಪಾತ್ರವನ್ನು ಆಚೆಯೇ ಬಿಟ್ಟು ಬರಬೇಕಾಗುತ್ತದೆ. ಅಮೆರಿಕದ ಅನೇಕ ಶಾಲೆಗಳಲ್ಲಿ ಕೃತಜ್ಞತಾ ಹಬ್ಬಕ್ಕೆ ಮಕ್ಕಳ ತಲೆಗೆ ಕಾಗದದ ಗರಿ ಕಟ್ಟುವ ರೂಢಿ ಬಹುಕಾಲ ನಡೆದು ಬಂದಿದೆ. ಮೂಲನಿವಾಸಿಗಳ ವೇಷ ಹಾಕಿ ಬರಬೇಡಿ ಎಂದು ಸಂಗ್ರಹಾಲಯ ಕೇಳಿಕೊಳ್ಳುವುದು ಇದರಿಂದಲೇ. ಬದುಕಿರುವ ಜನರ ಎದುರಿಗೇ ಅವರ ಅಣಕು ರೂಪದಲ್ಲಿ ನಿಲ್ಲುವುದು ಯಾವ ಪಾಠವೂ ಅಲ್ಲ.

ಬಸ್ಸು ಹೊರಡುವ ಮುನ್ನ ಮಕ್ಕಳಿಗೆ ಇನ್ನೊಂದು ಸಂಗತಿ ತಿಳಿದಿರಲಿ. 1970ರಿಂದ ಪ್ರತಿ ನವೆಂಬರಿನಲ್ಲಿ, ದೇಶವೆಲ್ಲ ಆ ಹಬ್ಬದ ಊಟಕ್ಕೆ ಕುಳಿತ ದಿನ, ಇದೇ ಪ್ಲಿಮತ್ತಿನ ಕೋಲ್ಸ್ ಹಿಲ್ ಗುಡ್ಡದ ಮೇಲೆ ಮೂಲನಿವಾಸಿಗಳು ಸೇರಿ ಶೋಕದಿನ ಆಚರಿಸುತ್ತಾರೆ.