ಖೋ ಕೊಡುವ ಹೊತ್ತು

1984. ತಾಲ್ಲೂಕು ಕ್ರೀಡಾಕೂಟದ ಖೋ-ಖೋ ಫೈನಲ್. ನಾನಾಗ ಹೈಸ್ಕೂಲು ಹುಡುಗಿ. ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖಮಾಡಿ ಕೂರುತ್ತಿದ್ದೆವು, ಒಂಬತ್ತನೆಯವಳು ಅಟ್ಟಬೇಕು. ಅವಳು ಕೂತವರ ನಡುವೆ ನುಸುಳುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಎದುರಾಳಿ ಆಚೆ ನುಸುಳಿದರೆ ಕೂತವಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು. ಮುಂದಿನ ಓಟ ಅವಳದು.

ಕೊನೆಯ ನಿಮಿಷ. ಎದುರಾಳಿ ಆಚೆ ನುಸುಳಿದಳು. ಗೆಳತಿ ಏಳಲು ಸಿದ್ಧಳಾಗಿ ಕೂತಿದ್ದಳು. ನಾನು ಖೋ ಕೊಡಲಿಲ್ಲ. ನಾನೇ ಔಟ್ ಮಾಡಬೇಕೆಂಬ ಹಟ. ಕಂಬ ಸುತ್ತಿ ಬರುವಷ್ಟರಲ್ಲಿ ಸೀಟಿ ಕೇಳಿಸಿತು. ಒಂದೇ ಅಂಕದಿಂದ ಸೋತೆವು. ಗೆಳತಿ ಬೈಯಲಿಲ್ಲ. ‘ನಾನು ಕೂತೇ ಇದ್ದೆನಲ್ಲೇ’ ಎಂದಳು, ಅಷ್ಟೆ.

2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಫೈನಲ್ ನಡೆಯಿತು. ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78–40ರಿಂದ ಸೋಲಿಸಿದರು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಆ ತಂಡದಲ್ಲಿದ್ದರು. ಟಿ.ವಿ. ಮುಂದೆ ಚಪ್ಪಾಳೆ ತಟ್ಟುತ್ತಿದ್ದ ನನಗೆ ಗೆಳತಿಯ ಮಾತು ಮತ್ತೆ ನೆನಪಾಯಿತು. ‘ಹಬ್ಬದಡುಗೆ ಈ ಸಲ ನಾನು ಮಾಡ್ಲಾ ಅತ್ತೆ?’ ಎಂದು ಸೊಸೆ ಎರಡು ವರ್ಷದಿಂದ ಕೇಳುತ್ತಲೇ ಇದ್ದಳು.

‘ಯುಗಾದಿ ಹೋಳಿಗೆ ನಿಂದೇ ಕಣಮ್ಮ’ ಎಂದೆ.

ಹೋಳಿಗೆ ತುಸು ದಪ್ಪವಾಗಿತ್ತು. ನಾನು ಕೂತೇ ತಿಂದೆ.